ನಡುವಿನ ಪೆಡಲ್

ನನ್ನ ಅಕ್ಕ ಕನಕಮ್ಮನ ಎಡಗಾಲಿನಲ್ಲಿ ಈಗ ಒಂದು ಉಕ್ಕಿನ ಸರಳು ಇದೆ. ಹೊಸಪೇಟೆಯ ಡಾಕ್ಟರು ಅದನ್ನು ಹಾಕಿ, ಹೊಲಿಗೆ ಬಿಚ್ಚಿ, ನಡೆಯಲು ವಾಕರ್ ಕೊಟ್ಟು ಕಳಿಸಿದರು. ಕಾಲು ಮುರಿದದ್ದು ಯಾರಿಂದ ಎಂದು ಕೂಡ್ಲಿಗಿಯಲ್ಲಿ ನಮ್ಮ ಓಣಿಯ ಯಾರನ್ನು ಕೇಳಿದರೂ ಅಕ್ಕನ ಮಗಳು ಶಿವಗಂಗಾಳ ಹೆಸರು ಹೇಳುತ್ತಿದ್ದರು. ಅವತ್ತು ಕಾರು ಓಡಿಸುತ್ತಿದ್ದವಳು ಅವಳು. ಅವಳನ್ನೇ ಕೇಳಿದರೂ ತನ್ನ ಹೆಸರನ್ನೇ ಹೇಳುತ್ತಿದ್ದಳು. ಅದು ಸುಳ್ಳು ಎಂದು ಗೊತ್ತಿದ್ದವನು ಅವಳ ಸೋದರಮಾವನಾದ ನಾನು. ಗೊತ್ತಿದ್ದೂ ಐದು ತಿಂಗಳು ಬಾಯಿ ಬಿಡಲಿಲ್ಲ.

ನನ್ನ ಹೆಸರು ಸೋಮಪ್ಪ. ಕೊಟ್ಟೂರು ರಸ್ತೆಯ ಮಗ್ಗುಲಲ್ಲಿ ತಗಡಿನ ಶೆಡ್ ಹಾಕಿಕೊಂಡು ಮೂವತ್ತೊಂದು ವರ್ಷದಿಂದ ಗಾಡಿ ರಿಪೇರಿ ಮಾಡುತ್ತಿದ್ದೇನೆ. ದೂರದಿಂದ ಬರುವ ಗಾಡಿಯ ಸದ್ದು ಕೇಳಿಯೇ ಅದರ ರೋಗ ಹೇಳುತ್ತಾನೆ ಎಂದು ನನಗೊಂದು ಹೆಸರಿದೆ. ಆ ಹೆಸರು ನನ್ನ ತಲೆಗೆ ಏರಿತ್ತು. ಗಿರಾಕಿ 'ಹಿಂಗಾಗೈತ್ರಿ' ಎಂದು ಶುರು ಮಾಡುವಷ್ಟರಲ್ಲಿ ಉತ್ತರ ಕೊಟ್ಟು, ನಟ್ಟು ಬಿಚ್ಚುವ ಪಾನಾ ಕೈಗೆತ್ತಿಕೊಳ್ಳುತ್ತಿದ್ದೆ. ಜನ ಅದನ್ನೂ ದೊಡ್ಡತನ ಎಂದುಕೊಂಡರು.

ನಮ್ಮ ಮನೆತನದಲ್ಲಿ ಸರ್ಕಾರದ ಸಂಬಳ ಮೊದಲು ತಂದವಳು ಶಿವಗಂಗಾ. ಭಾವ ತೀರಿಕೊಂಡಾಗ ಅವಳಿಗೆ ಒಂಬತ್ತು ವರ್ಷ. ಅಕ್ಕ ಶೇಂಗಾ ಕೀಳುವುದಕ್ಕೆ, ಮೆಕ್ಕೆಜೋಳ ಮುರಿಯುವುದಕ್ಕೆ ಕೂಲಿ ಹೋಗಿ ಓದಿಸಿದಳು. ಈಗ ಗುಡೇಕೋಟೆಯ ಆಚೆ ಒಂದು ಹಳ್ಳಿ ಶಾಲೆಯಲ್ಲಿ ಅವಳು ಟೀಚರ್. ಇರುವುದು ನಮ್ಮ ಓಣಿಯಲ್ಲೇ, ತಾಯಿಯ ಜೊತೆ. ಗಂಡ ಅರುಣಕುಮಾರ್ ಹಡಗಲಿಯಲ್ಲಿ ನೌಕರಿ ಮಾಡುತ್ತಾನೆ, ಶನಿವಾರ ಬಂದು ಸೋಮವಾರ ನಸುಕಿಗೆ ಹೋಗುತ್ತಾನೆ. ಬಸ್ಸು ಇವಳನ್ನು ಕ್ರಾಸಿಗೆ ಇಳಿಸಿ ಹೋದರೆ ಅಲ್ಲಿಂದ ಶಾಲೆಗೆ ಗುಡ್ಡದ ಬದಿಯಲ್ಲಿ ಮುಕ್ಕಾಲು ಗಂಟೆಯ ನಡಿಗೆ. ಹೋದ ವರ್ಷ ದೀಪಾವಳಿ ಕಳೆದ ಮೇಲೆ ಒಂದು ದಿನ ಶೆಡ್ಡಿಗೆ ಬಂದು, "ಮಾಮ, ನನಗ ಕಾರು ಕಲಸು" ಎಂದಳು.

ಕಲಿಸಿದೆ. ದಿನಾ ಬೆಳಿಗ್ಗೆ ಆರಕ್ಕೆ ಕಾಲೇಜು ಮೈದಾನಕ್ಕೆ ಬರುತ್ತಿದ್ದಳು. ಗಂಡಸರಿಗೆ ಕಲಿಸುವುದು ಕಷ್ಟ, ಅವರು ಹೊಟ್ಟೆಯಲ್ಲಿದ್ದಾಗಲೇ ಡ್ರೈವಿಂಗ್ ಕಲಿತು ಬಂದಿರುತ್ತಾರೆ. ಇವಳು ಹಾಗಲ್ಲ, ಒಂದೊಂದಕ್ಕೂ ಯಾಕೆ ಎಂದು ಕೇಳುವವಳು. ಎಡಕ್ಕೆ ಕ್ಲಚ್, ನಡುವೆ ಬ್ರೇಕ್, ಬಲಕ್ಕೆ ಎಕ್ಸಲೇಟರ್. ಬಲಗಾಲಿನ ಹಿಮ್ಮಡಿ ಬ್ರೇಕಿನ ನೇರಕ್ಕೇ ಊರಿರಬೇಕು, ಮುಂಗಾಲು ಮಾತ್ರ ಆಚೆ ಈಚೆ ತಿರುಗಬೇಕು ಎಂದೆ. ಹಿಮ್ಮಡಿ ಎತ್ತಿದರೆ ಏನಾಗುತ್ತದೆ ಎಂದು ಕೇಳಿ ತಿಳಿದುಕೊಂಡು, ಆಮೇಲೆ ಒಂದು ದಿನವೂ ಎತ್ತಲಿಲ್ಲ. ಬ್ರೇಕ್ ಹತ್ತದಿದ್ದರೆ ಏನು ಮಾಡುತ್ತೀ ಎಂದು ನಾನು ಆಗಾಗ ಕೇಳುತ್ತಿದ್ದೆ. "ಗೇರ್ ಇಳಸ್ತೀನಿ, ಹ್ಯಾಂಡ್‌ಬ್ರೇಕ್ ಎಳಿತೀನಿ, ಜನ ಇಲ್ಲದ ಕಡೆ ತಿರುವ್ತೀನಿ" ಎಂದು ಮಗ್ಗಿ ಒಪ್ಪಿಸುವವಳ ಹಾಗೆ ಹೇಳುತ್ತಿದ್ದಳು.

ಕಾರನ್ನೂ ನಾನೇ ನೋಡಿ ಕೊಡಿಸಿದೆ. ಕಾನಹೊಸಹಳ್ಳಿಯ ಒಬ್ಬ ಗೊಬ್ಬರದಂಗಡಿಯವನದು, ಇಪ್ಪತ್ತು ವರ್ಷ ಓಡಿದ ಬಿಳಿ ಕಾರು. ಅವನು ಹಿಂದಿನ ಸೀಟು ಮಡಚಿ ಪೊಟ್ಯಾಷ್ ಚೀಲ ಹೇರುತ್ತಿದ್ದನಂತೆ. ಎಂಜಿನ್ ಚಾಲು ಮಾಡಿಸಿ ಕೇಳಿದೆ, ಗಡಿಯಾರದಂತೆ ನಡೆಯುತ್ತಿತ್ತು. ಅವತ್ತು ಅಲ್ಲಿಂದ ಒಂದು ಮದುವೆಗೆ ಹೋಗುವುದಿತ್ತು, ಬಿಳಿ ಅಂಗಿ ಹಾಕಿದ್ದೆ. ಅಂಗಿ ಹೊಲಸಾಗುತ್ತದೆ ಎಂದು ಗಾಡಿಯ ಅಡಿಗೆ ಹೋಗಲಿಲ್ಲ. ಗೊಬ್ಬರದ ಉಪ್ಪು ಕಬ್ಬಿಣವನ್ನು ಏನು ಮಾಡುತ್ತದೆ ಎಂದು ನನಗೆ ಗೊತ್ತಿಲ್ಲದ ವಿಷಯವೇನಲ್ಲ. "ಗಾಡಿ ಬಂಗಾರದಂಗ ಐತಿ, ಕಣ್ಣು ಮುಚ್ಚಿ ತಗೋ" ಎಂದು ಶಿವಗಂಗಾಳಿಗೆ ಹೇಳಿದೆ.

ನಮ್ಮ ಕಡೆ ಮಳೆಗಾಲಕ್ಕೆ ಮೊದಲು ಗಾಡಿಯ ಅಡಿಗೆ ಸುಟ್ಟ ಎಂಜಿನ್ ಎಣ್ಣೆ ಹೊಡೆಸುವುದು ರೂಢಿ. ವರ್ಷವಿಡೀ ಗಾಡಿಗಳಿಂದ ತೆಗೆದ ಕರಿ ಎಣ್ಣೆಯನ್ನು ಡ್ರಮ್ಮಿನಲ್ಲಿ ಕೂಡಿಟ್ಟಿರುತ್ತೇವೆ. ಅದಕ್ಕಿಷ್ಟು ಡೀಸೆಲ್ ಬೆರೆಸಿ, ಗಾಡಿಯನ್ನು ಗುಂಡಿಯ ಮೇಲೆ ನಿಲ್ಲಿಸಿ, ಕಂಪ್ರೆಸರಿನಿಂದ ಹೊಡೆದರೆ ಅಡಿಯೆಲ್ಲ ಕಾಡಿಗೆಯಾಗುತ್ತದೆ. ತುಕ್ಕು ಹಿಡಿಯುವುದಿಲ್ಲ ಎನ್ನುತ್ತಾರೆ. ಹಿಡಿದ ತುಕ್ಕೂ ಕಾಣುವುದಿಲ್ಲ, ಅದನ್ನು ಯಾರೂ ಹೇಳುವುದಿಲ್ಲ. ಮೇ ಕೊನೆಯಲ್ಲಿ ಶಿವಗಂಗಾಳ ಕಾರಿಗೆ ಹೊಡೆಯಲು ಗುಂಡಿಗೆ ಇಳಿದೆ. ಹಿಂದಿನ ಎರಡು ಚಕ್ರಗಳಿಗೆ ಬ್ರೇಕ್ ಆಯಿಲ್ ಒಯ್ಯುವ ಎರಡು ಸಣ್ಣ ಪೈಪುಗಳು ಗಾಡಿಯ ಉದ್ದಕ್ಕೂ ಜೋಡಿಯಾಗಿ ಹೋಗುತ್ತವೆ. ಒಂದೊಂದರ ಜೊತೆಗೂ ಮುಂದಿನ ಒಂದು ಚಕ್ರದ ಬ್ರೇಕ್ ಕೂಡಿಕೊಂಡಿರುತ್ತದೆ, ಎರಡು ಪೈಪೂ ಹೋದರೆ ನಾಲ್ಕು ಚಕ್ರದ ಬ್ರೇಕೂ ಹೋದ ಹಾಗೆ. ಆ ಪೈಪುಗಳ ಮೇಲೆ ಹೆಬ್ಬೆರಳಾಡಿಸಿದೆ. ಪದರು ಪದರಾಗಿ ತುಕ್ಕು ಉದುರಿ ಕಣ್ಣಿಗೆ ಬಿತ್ತು.

ಅಲ್ಲೇ ನಿಲ್ಲಿಸಬೇಕಿತ್ತು. ಎರಡು ಪೈಪು ಬದಲಿಸುವುದು ಒಂದು ದಿನದ ಕೆಲಸ. ಮದುವೆ ಸೀಜನ್ನು, ಹೊರಗೆ ನಾಲ್ಕು ಗಾಡಿ ಕಾಯುತ್ತಿದ್ದವು ಎಂದು ನೆಪ ಹೇಳಬಹುದು. ನಿಜ ಅದಲ್ಲ. ಪೈಪು ಹೋಗಿದೆ ಎಂದರೆ, ಕೊಡಿಸುವಾಗ ನೋಡಲಿಲ್ಲವೇನು ಎಂದು ಅವಳು ಕೇಳುತ್ತಾಳೆ. ಯಾಕೆ ಎಂದು ಕೇಳುವ ಹುಡುಗಿ ಅವಳು. ಬಂಗಾರ ಎಂದು ನನ್ನ ಬಾಯಿಂದ ಹೇಳಿಯಾಗಿತ್ತು. ಮಳೆಗಾಲ ಕಳೆಯಲಿ, ಸುಮ್ಮನೆ ಒಂದು ದಿನ ಗಾಡಿ ಇಟ್ಟುಕೊಂಡು ಹಾಕಿಬಿಟ್ಟರಾಯಿತು ಎಂದುಕೊಂಡು ಅದರ ಮೇಲೆಯೇ ಕರಿ ಎಣ್ಣೆ ಹೊಡೆದೆ. ಚೆನ್ನಾಗಿ ದಪ್ಪಗೆ ಹೊಡೆದೆ.

ಎರಡು ವಾರ ಕಳೆದಿರಬೇಕು, ಶಿವಗಂಗಾ ಶಾಲೆಯಿಂದ ನೇರ ಶೆಡ್ಡಿಗೆ ಬಂದಳು. "ಮಾಮ, ಗಾಡಿ ನಿಲ್ಲಿಸಿದ ಕಡೆ ಹಿಂದಿನ ಗಾಲಿ ಹತ್ರ ಹಸಿ ಆಗತೈತಿ" ಎಂದಳು.

"ನಾ ಹೊಡೆದ ಎಣ್ಣಿ ಅದು. ಒಂದು ತಿಂಗಳು ತೊಟ್ಟಿಕ್ಕತೈತಿ."

"ನೀ ಹೊಡೆದ ಎಣ್ಣಿ ಕರ್ರಗೈತಿ. ಇದು ಕರ್ರಗಿಲ್ಲ, ನೀರಿನಂಗೈತಿ. ಕೈಗೆ ಹಚ್ಚಿ ನೋಡೀನಿ."

"ಮಣ್ಣಾಗ ಬಿದ್ದ ಮ್ಯಾಲೆ ಎಲ್ಲಾ ಒಂದೇ ಬಣ್ಣ. ನೀ ಮಕ್ಕಳಿಗೆ ಪಾಠ ಹೇಳು ಹೋಗು, ನನಗ ಹೇಳಬ್ಯಾಡ" ಎಂದು ನಕ್ಕೆ. ಅಲ್ಲಿದ್ದ ಇಬ್ಬರು ಗಿರಾಕಿಗಳೂ ನಕ್ಕರು. ಅವಳೂ ಸಣ್ಣಗೆ ನಕ್ಕು ಹೋದಳು. ಇದಾದ ಎಂಟು ದಿನಕ್ಕೆ ಮತ್ತೆ ಬಂದು, ಬ್ರೇಕ್ ಮೊದಲಿಗಿಂತ ಒಳಗೆ ಹೋಗುತ್ತದೆ ಎಂದಳು. ಬಾನೆಟ್ ಎತ್ತಿ ನೋಡಿದರೆ ಬ್ರೇಕ್ ಆಯಿಲಿನ ಡಬ್ಬಿ ಅರ್ಧ ಖಾಲಿ. ತುಂಬಿಸಿ, "ನಿನ್ನ ಕಾಲು ಇನ್ನಾ ಹೊಸದು, ಜೋರು ಒತ್ತತಿ" ಎಂದೆ. ಜುಲೈ ಮೊದಲ ವಾರ ಇನ್ನೊಮ್ಮೆ ತುಂಬಿಸಿದೆ. ಬ್ರೇಕ್ ಆಯಿಲ್ ಪೆಟ್ರೋಲಿನಂತೆ ಸುಟ್ಟು ಹೋಗುವ ವಸ್ತುವಲ್ಲ. ಕಡಿಮೆಯಾಗಿದೆ ಎಂದರೆ ಎಲ್ಲೋ ಸೋರಿದೆ ಎಂದೇ ಅರ್ಥ, ಇದು ನನ್ನ ಶೆಡ್ಡಿನಲ್ಲಿ ಕಸ ಹೊಡೆಯುವವನಿಗೂ ಗೊತ್ತು. ಎರಡೂ ಸಲ ಮುಚ್ಚಳ ತಿರುವುವಾಗ ಆ ಪೈಪು ನನ್ನ ಕಣ್ಣ ಮುಂದೆ ಬಂದಿತ್ತು. ಬರುವ ವಾರ ಮಾಡೋಣ ಎಂದುಕೊಂಡೆ.

ಆ ಬರುವ ವಾರದ ಭಾನುವಾರ ಅವಳು ತಾಯಿಯನ್ನು ಪಕ್ಕದಲ್ಲಿ ಕೂರಿಸಿಕೊಂಡು ಗುಡೇಕೋಟೆಗೆ ಒಂದು ಕೂಸಿಗೆ ಹೆಸರಿಡುವ ಕಾರ್ಯಕ್ಕೆ ಹೊರಟಿದ್ದಳು. ಗುಡ್ಡಗಳ ನಡುವೆ ರಸ್ತೆ ಇಳಿಯುತ್ತಾ ತಿರುಗುವ ಕಡೆ ಕುರಿಹಿಂಡು ಅಡ್ಡ ಬಂತು, ಹಿಂಡಿನ ನಡುವೆ ಕುರಿ ಕಾಯುವ ಹೆಂಗಸೂ ಇದ್ದಳು. ಕಾರು ನಿಲ್ಲಲಿಲ್ಲ. ಇವಳು ಎಡಕ್ಕೆ ತಿರುಗಿಸಿ ಮೋರಿಯ ಕಟ್ಟೆಗೆ ಹೊಡೆದಳು. ಒಂದು ಕುರಿಗೂ ಏನೂ ಆಗಲಿಲ್ಲ. ಎಡಗಡೆ ಕೂತಿದ್ದ ಅಕ್ಕನ ಮೊಣಕಾಲಿನ ಕೆಳಗಿನ ಎಲುಬು ಎರಡು ತುಂಡಾಯಿತು.

ನಾನು ಹೊಸಪೇಟೆಯ ಆಸ್ಪತ್ರೆ ಮುಟ್ಟಿದಾಗ ಅಕ್ಕನನ್ನು ಆಪರೇಷನ್ನಿಗೆ ಒಳಗೆ ಒಯ್ದಿದ್ದರು. ಹೊರಗೆ ಬೆಂಚಿನ ಮೇಲೆ ಶಿವಗಂಗಾ ಕೂತಿದ್ದಳು, ಹಣೆಗೆ ಪಟ್ಟಿ, ಸೀರೆಯ ತುಂಬ ಮಣ್ಣು. ಸುತ್ತ ಹತ್ತು ಜನ ನೆಂಟರು. ನನ್ನನ್ನು ಕಂಡವಳೇ ಎದ್ದು ಬಂದು, "ಮಾಮ, ನಾ ಬ್ರೇಕ್ ಒತ್ತಿದೆ. ಕಾಲು ನೆಲಕ್ಕ ಹೋತು, ಗಾಡಿ ನಿಲ್ಲಲಿಲ್ಲ" ಎಂದಳು. ಎಲ್ಲರೂ ನನ್ನ ಮುಖ ನೋಡಿದರು. ಮೂವತ್ತೊಂದು ವರ್ಷದ ಮೆಕ್ಯಾನಿಕ್ ಏನು ಹೇಳುತ್ತಾನೆ ಎಂದು ನೋಡಿದರು.

"ಗಾಬರಿಗೆ ಬಲಗಡಿದು ಒತ್ತಿರ್ತಿ. ಹೊಸಬರಿಗೆ ಹಿಂಗ ಆಗತೈತಿ" ಎಂದೆ.

ಯೋಚನೆ ಮಾಡಿ ಹೇಳಿದ್ದಲ್ಲ. ಬಾಯಿಗೆ ಬಂತು, ಹೇಳಿದೆ. ಹೇಳಿದ ಕ್ಷಣವೇ ಅದು ನನಗೆ ಎಷ್ಟು ಅನುಕೂಲ ಎಂದು ತಿಳಿಯಿತು. ಅರುಣಕುಮಾರ್ ತಲೆ ತಗ್ಗಿಸಿದ. ಒಬ್ಬ ನೆಂಟ, "ಅದಕ್ಕಾ ಹೇಳೋದು, ಹೆಣ್ಮಕ್ಕಳಿಗೆ ಗಾಡಿ ಕೊಡಬಾರದು" ಎಂದ. ಬೇರೆ ದಿನವಾಗಿದ್ದರೆ ನಾನು ಅವನ ಗ್ರಹಚಾರ ಬಿಡಿಸುತ್ತಿದ್ದೆ. ಅವತ್ತು ಸುಮ್ಮನೆ ನಿಂತೆ. ಶಿವಗಂಗಾ ತನ್ನ ಬಲಗಾಲನ್ನೇ ನೋಡುತ್ತಾ, "ಬಲಗಡಿದು ಒತ್ತಿದ್ನೇನು?" ಎಂದು ಯಾರನ್ನೂ ಕೇಳದ ಹಾಗೆ ಕೇಳಿಕೊಂಡಳು. ಆ ದನಿ ನನಗೆ ಇವತ್ತಿಗೂ ಕೇಳುತ್ತದೆ.

ಸಂಜೆ ಕಾರನ್ನು ಲಾರಿಯ ಮೇಲೆ ಹೇರಿ ತಂದು ನನ್ನ ಶೆಡ್ಡಿನ ಗುಂಡಿಯ ಮೇಲೆ ಇಳಿಸಿದರು. ಬಾಗಿಲು ತೆಗೆದು ನೋಡಿದರೆ ಹ್ಯಾಂಡ್‌ಬ್ರೇಕ್ ಪೂರಾ ಮೇಲಕ್ಕಿತ್ತು. ಗೇರು ಎರಡರಲ್ಲಿತ್ತು. ಬ್ರೇಕ್ ಕೈಕೊಟ್ಟಾಗ ನಾನು ಕಲಿಸಿದ್ದನ್ನೆಲ್ಲ ಅವಳು ಕಲಿಸಿದ ಕ್ರಮದಲ್ಲೇ ಮಾಡಿದ್ದಳು. ಅದಕ್ಕೇ ಕುರಿ ಕಾಯುವ ಹೆಂಗಸು ಬದುಕಿದ್ದಳು, ಅದಕ್ಕೇ ಅಕ್ಕ ಕಾಲಿನಷ್ಟಕ್ಕೇ ಉಳಿದಿದ್ದಳು. ಟಾರ್ಚ್ ಹಿಡಿದು ಅಡಿಗೆ ಹೋದೆ. ಎರಡು ಪೈಪಿನಲ್ಲಿ ಒಂದು ಸೀಳಿತ್ತು. ಇನ್ನೊಂದು ಮೊದಲಿನಿಂದಲೂ ಸೋರಿ ಸೋರಿ ಮೇಲಿನ ಕರಿ ಎಣ್ಣೆಯನ್ನು ಗೆರೆಗೆರೆಯಾಗಿ ತೊಳೆದಿತ್ತು. ಡಬ್ಬಿಯಲ್ಲಿ ಒಂದು ಹನಿ ಇರಲಿಲ್ಲ. ನಾನು ಗುಂಡಿಯಲ್ಲಿ ಕೂತುಬಿಟ್ಟೆ.

ಎದ್ದು ಏನು ಮಾಡಿದೆ ಎಂದು ಹೇಳಲು ನಾಚಿಕೆಯಾಗುತ್ತದೆ, ಆದರೂ ಹೇಳಬೇಕು. ಶೆಡ್ಡಿನ ಬಾಗಿಲು ಹಾಕಿಕೊಂಡು ಎರಡೂ ಪೈಪು ಬಿಚ್ಚಿ, ತುಂಡು ಮಾಡಿ, ಗುಜರಿ ರಾಶಿಯ ತಳಕ್ಕೆ ತಳ್ಳಿದೆ. ಮರುದಿನ ಹೊಸ ಪೈಪು ತಂದು ಹಾಕಿ, ಅದಕ್ಕೂ ಕರಿ ಎಣ್ಣೆ ಬಳಿದೆ. ಎಂಟು ದಿನಕ್ಕೆ ಗುಜರಿಯವನು ಬಂದು ಎಲ್ಲ ಹೇರಿಕೊಂಡು ಹೋದ. ಅರುಣಕುಮಾರ್ ಬಂದು, "ಬ್ರೇಕ್ ಏನಾರ ಹೋಗಿತ್ತೇನ್ರಿ ಮಾಮ?" ಎಂದು ಕೇಳಿದಾಗ, "ನೀನೇ ಒತ್ತಿ ನೋಡಪ್ಪ" ಎಂದು ಸೀಟು ತೋರಿಸಿದೆ. ಒತ್ತಿದ. ಗಟ್ಟಿಯಾಗಿತ್ತು. ಅವನು ಮತ್ತೇನೂ ಕೇಳಲಿಲ್ಲ, ಮನೆಗೆ ಹೋಗಿ ಹೆಂಡತಿಗೆ ಹೇಳಿದ.

ಬಾನೆಟ್ಟು, ಎಡಗಡೆಯ ಬಾಗಿಲು ತಟ್ಟಿ ನೇರ ಮಾಡಿ ಬಣ್ಣ ಹೊಡೆದೆ. ಕೂಲಿ ತಗೊಳ್ಳಲಿಲ್ಲ. ಮಾಮನ ಕರುಳು ಎಂದರೆ ಇದು ಎಂದು ಓಣಿಯವರು ಹೊಗಳಿದರು. ಶಿವಗಂಗಾ ಮಾತ್ರ ಕಾರು ಒಯ್ಯಲು ಬರಲಿಲ್ಲ. ಅದು ಶೆಡ್ಡಿನ ಮೂಲೆಯಲ್ಲಿ ತಾಡಪಾಲು ಹೊದ್ದು ನಿಂತಿತು. ಅವಳು ಮತ್ತೆ ಬಸ್ಸಿಗೆ ಹೋಗತೊಡಗಿದಳು. ಕ್ರಾಸಿನಿಂದ ಮತ್ತೆ ಆ ಮುಕ್ಕಾಲು ಗಂಟೆ.

ಅಷ್ಟೇ ಆಗಿದ್ದರೆ ನಾನು ನನ್ನ ಮನಸ್ಸಿಗೆ ಏನೋ ಒಂದು ಸಮಾಧಾನ ಹೇಳಿಕೊಂಡು ಇದ್ದುಬಿಡುತ್ತಿದ್ದೆನೋ ಏನೋ. ನಾನು ಅಂಥವನೇ. ಆದರೆ ಆ ಹುಡುಗಿ ನನ್ನ ಕಣ್ಣೆದುರೇ ಬೇರೆಯವಳಾದಳು. ಮನೆಯ ಗೇಟಿನ ಚಿಲಕ ಹಾಕಿ ಓಣಿಯ ತುದಿಯವರೆಗೆ ಹೋದವಳು ತಿರುಗಿ ಬಂದು ಜಗ್ಗಿ ನೋಡುತ್ತಿದ್ದಳು. ಗ್ಯಾಸ್ ಆರಿಸಿದ ಮೇಲೆ ತಾಯಿಯನ್ನು ಕರೆದು, ಆರಿದೆಯೇನು ನೋಡು ಎನ್ನುತ್ತಿದ್ದಳು. ಯಾಕೆ ಎಂದು ಕೇಳುತ್ತಿದ್ದವಳು ಈಗ ಯಾರು ಏನು ಹೇಳಿದರೂ ಹೂಂ ಎನ್ನುತ್ತಿದ್ದಳು. ಡಿಸೆಂಬರಿನಲ್ಲಿ ಶಾಲೆಯ ಮಕ್ಕಳನ್ನು ಪ್ರತಿಭಾ ಕಾರಂಜಿಗೆ ಕರೆದೊಯ್ಯುವ ಜವಾಬ್ದಾರಿ ಇವಳಿಗೆ ಬಂತು. ನಾಲ್ಕು ವರ್ಷದಿಂದ ಅವಳೇ ಕರೆದೊಯ್ಯುತ್ತಿದ್ದಳು, ಎರಡು ಸಲ ಮಕ್ಕಳು ಜಿಲ್ಲೆಯ ತನಕ ಹೋಗಿದ್ದರು. ಈ ಸಲ ಆಗುವುದಿಲ್ಲ ಎಂದು ಬರೆದುಕೊಟ್ಟಳು.

"ಯಾಕವ್ವ?" ಎಂದು ಕೇಳಿದೆ. ಆಗ ನಾನು ಅವರ ಮನೆಯಲ್ಲಿ ಊಟಕ್ಕೆ ಕೂತಿದ್ದೆ. ಬಡಿಸುತ್ತಿದ್ದವಳು ಕೈ ನಿಲ್ಲಿಸಲಿಲ್ಲ.

"ಹದಿನಾರು ಮಕ್ಕಳು ಮಾಮ. ರಸ್ತಿ ದಾಟಸಬೇಕು, ಬಸ್ಸು ಹತ್ತಸಬೇಕು. ನನ್ನ ಕೈಕಾಲು ಹೊತ್ತಿಗೆ ಸರಿಯಾಗಿ ಕೆಲಸ ಮಾಡಂಗಿಲ್ಲ. ಅವ್ವನ್ನ ನೋಡಿದ್ರ ಗೊತ್ತಾಗಂಗಿಲ್ಲೇನು?" ಎಂದು ಇನ್ನೊಂದು ರೊಟ್ಟಿ ಹಾಕಿ ಒಳಗೆ ಹೋದಳು. ಆ ರೊಟ್ಟಿಯನ್ನು ತಟ್ಟೆಯಲ್ಲೇ ಬಿಟ್ಟು ಎದ್ದೆ.

ಹೊರಗಿನ ಕೋಣೆಯಲ್ಲಿ ಬುದ್ಧನ ಪಟದ ಕೆಳಗೆ ಅಕ್ಕ ಮಂಚದ ಮೇಲೆ ಕೂತು ತೊಗರಿಬೇಳೆ ಆರಿಸುತ್ತಿದ್ದಳು. ಕೈ ತೊಳೆದುಕೊಂಡು ಹೋಗಿ ಅವಳ ಪಕ್ಕ ಕೂತೆ. ಇವತ್ತು ಹೇಳಿಬಿಡಬೇಕು ಎಂದು ಬಾಯಿ ತೆರೆದೆ, ಹವಾಮಾನದ ಮಾತು ಬಂತು. ಈ ಸಲ ಚಳಿ ಜಾಸ್ತಿ ಎಂದೆ. ಅಕ್ಕ ಮೊರದಿಂದ ಕಣ್ಣೆತ್ತಲಿಲ್ಲ.

"ಸೋಮ, ಅವತ್ತು ಅಕಿ ಕಾಲು ನಡುವಿನದರ ಮ್ಯಾಲಿತ್ತು" ಎಂದಳು.

ನನಗೆ ಸಿಟ್ಟು ಬಂತು. ಸಿಕ್ಕಿಬಿದ್ದವನಿಗೆ ಬರುವ ಸಿಟ್ಟು ಅದು. "ನಿನಗ ಕಾರಿನ ಬಗ್ಗೆ ಏನು ತಿಳಿತೈತಿ?" ಎಂದೆ.

"ಕಾರಿನ ಬಗ್ಗೆ ತಿಳಿಯಂಗಿಲ್ಲ. ನನ್ನ ಮಗಳ ಕಾಲು ಎಲ್ಲಿತ್ತು ಅಂಬೋದು ತಿಳಿತೈತಿ. ಪಕ್ಕದಾಗ ಕುಂತಿದ್ದೆ. ಎದ್ದು ನಿಂತಂಗ ಮಾಡಿ ಒತ್ತಿದ್ಲು, ನಡುವಿನದನ್ನ. ಅದು ಒಳಗ ಹೋಗಿಬಿಡ್ತು."

"ಮತ್ತ ಯಾಕ ಸುಮ್ಮನಿದ್ದಿ?"

"ಸುಮ್ಮನಿಲ್ಲ. ಅಕಿಗೆ ಮೂರು ಸಲ ಹೇಳೀನಿ. ಮಾಮ ಗಾಡಿ ನೋಡಿ ಹೇಳ್ಯಾನ, ನೀ ನನ್ನ ಸಮಾಧಾನಕ್ಕ ಹೇಳಬ್ಯಾಡವ್ವ ಅಂತಾಳ. ನನ್ನ ಕಣ್ಣಿಗಿಂತ ನಿನ್ನ ಬಾಯಿ ಮ್ಯಾಲೆ ಅಕಿಗೆ ನಂಬಿಕಿ." ಅಕ್ಕ ಒಂದು ಕಲ್ಲು ಆರಿಸಿ ಪಕ್ಕಕ್ಕಿಟ್ಟಳು. "ನಿನ್ನನ್ನ ಯಾಕ ಕೇಳಲಿಲ್ಲ ಅಂದಿ ಅಂದ್ರ, ಎಂದಾದ್ರೂ ನೀನಾಗೇ ಬಂದು ಹೇಳ್ತಿ ಅಂತ ಕಾದೆ. ಐದು ತಿಂಗಳು ಕಾದೀನಿ. ನನ್ನ ಕಾಲು ಹೋಗ್ಲಿ ಬಿಡು, ಅದು ಮುದಿ ಕಾಲು."

ನಾನು ಅತ್ತೆ. ಅಕ್ಕ ನನ್ನ ಬೆನ್ನು ಸವರಲಿಲ್ಲ. ಬೇಳೆ ಆರಿಸುತ್ತಲೇ ಇದ್ದಳು. ನಾನು ಎದ್ದು ಅಡುಗೆ ಮನೆಯ ಬಾಗಿಲಿಗೆ ಹೋಗಿ, ಪಾತ್ರೆ ತೊಳೆಯುತ್ತಿದ್ದ ಶಿವಗಂಗಾಳಿಗೆ ಎಲ್ಲವನ್ನೂ ಹೇಳಿದೆ. ಬಿಳಿ ಅಂಗಿ ಹೇಳಿದೆ, ಉದುರಿದ ತುಕ್ಕು ಹೇಳಿದೆ, ಡಬ್ಬಿ ಎರಡು ಸಲ ತುಂಬಿಸಿದ್ದು ಹೇಳಿದೆ, ಹ್ಯಾಂಡ್‌ಬ್ರೇಕ್ ಮೇಲಿದ್ದದ್ದು ಹೇಳಿದೆ. ಅವಳು ನಲ್ಲಿ ಬಂದ್ ಮಾಡಿ ಪೂರಾ ಕೇಳಿದಳು. ಬೈಯುತ್ತಾಳೆ, ಅಳುತ್ತಾಳೆ, ಕೈಯಲ್ಲಿದ್ದ ಪಾತ್ರೆ ಎಸೆಯುತ್ತಾಳೆ ಎಂದು ಕಾದೆ.

"ಅವ್ವ ಹೇಳಿಕೊಟ್ಟಾಳ ಅಲಾ?" ಎಂದಳು, ಮೆತ್ತಗೆ. "ಮಾಮ, ನನ್ನ ಸಲುವಾಗಿ ನಿನ್ನ ತಲಿ ಮ್ಯಾಲೆ ಹಾಕ್ಕೋಬ್ಯಾಡ. ನೀ ಅಂಥ ಕೆಲಸ ಮಾಡಾಂವ ಅಲ್ಲ."

"ಮಾಡೀನಿ ಅಂತ ಹೇಳಾಕತ್ತೀನಲ್ಲ."

"ಹಂಗಿದ್ರ ಆ ಪೈಪು ಎಲ್ಲೈತಿ?"

"ಗುಜರಿಗೆ ಹೋತು."

"ನೋಡು ಮತ್ತ" ಎಂದು ಸೆರಗಿನಿಂದ ಕೈ ಒರೆಸಿಕೊಂಡು, ನನ್ನ ಭುಜ ಮುಟ್ಟಿ, "ಕಣ್ಣು ಒರಸಿಕೋ, ನೀ ಅಳಬ್ಯಾಡ" ಎಂದಳು. ನನ್ನ ಜೀವಮಾನದಲ್ಲಿ ನಾನು ತಿಂದ ಪೆಟ್ಟುಗಳಲ್ಲಿ ಅದಕ್ಕಿಂತ ದೊಡ್ಡದಿಲ್ಲ. ತಪ್ಪು ಮುಚ್ಚುವಾಗ ನಾನು ಎಷ್ಟು ಚೊಕ್ಕವಾಗಿ ಕೆಲಸ ಮಾಡಿದ್ದೆನೆಂದರೆ, ತಪ್ಪು ನನ್ನದು ಎಂದು ಹೇಳಿದರೂ ನಂಬಿಸಲು ಕೈಯಲ್ಲಿ ಏನೂ ಉಳಿದಿರಲಿಲ್ಲ. ಮನೆಗೆ ಹೋದೆ. ಪೈಪು ಹೋಗಿದೆ, ಆದರೆ ಅವಳ ಕಾಲು ಇದೆಯಲ್ಲ ಎಂದು ಹೊಳೆದದ್ದು ಮರುದಿನ ಶೆಡ್ಡಿನ ಬಾಗಿಲು ತೆರೆಯುವಾಗ. ಫೋನು ಮಾಡಿ, ಭಾನುವಾರ ಬೆಳಿಗ್ಗೆ ಒಂದು ಸಲ ಶೆಡ್ಡಿಗೆ ಬಾ, ಗಾಡಿ ಓಡಿಸುವುದು ಬೇಡ, ಸುಮ್ಮನೆ ಕೂತರೆ ಸಾಕು ಎಂದು ಗೋಗರೆದೆ.

ಬಂದಳು. ತಾಡಪಾಲು ತೆಗೆದ ಕಾರನ್ನು ನೋಡಿ ಬಾಗಿಲಲ್ಲೇ ನಿಂತಳು. ಕೂರಿಸಲು ಹತ್ತು ನಿಮಿಷ ಹಿಡಿಯಿತು. ಎಂಜಿನ್ ಚಾಲು ಮಾಡಲಿಲ್ಲ. "ನಡುವಿನದು ಒತ್ತು" ಎಂದೆ. ಒತ್ತಿದಳು, ಅರ್ಧಕ್ಕೇ ಗಟ್ಟಿಯಾಗಿ ನಿಂತಿತು. "ಅವತ್ತು ಹಿಂಗಿತ್ತೇನು?" ಎಂದರೆ, ನೆನಪಿಲ್ಲ ಎಂದಳು. ನಾನು ಹಿಂದಕ್ಕೆ ಹೋಗಿ, ಅಡಿಗೆ ತೂರಿಕೊಂಡು, ಎರಡೂ ಹಿಂದಿನ ಚಕ್ರಗಳ ನಿಪ್ಪಲ್ಲುಗಳನ್ನು ಸಡಿಲ ಮಾಡಿದೆ. ಪೈಪಿನೊಳಗಿನ ಗಾಳಿ ತೆಗೆಯಲು ಇಟ್ಟಿರುವ ಸಣ್ಣ ತಿರುಪುಗಳು ಅವು. ಸಡಿಲ ಮಾಡಿದರೆ ಪೈಪು ಒಡೆದ ಹಾಗೆಯೇ.

"ಈಗ ಒತ್ತು" ಎಂದೆ.

ನನ್ನ ಕಿವಿಯ ಪಕ್ಕ ಬ್ರೇಕ್ ಆಯಿಲ್ ಚಿಮ್ಮಿ ನೆಲಕ್ಕೆ ಬಿತ್ತು. ಇನ್ನೊಮ್ಮೆ ಒತ್ತು ಎಂದು ನಾನು ಹೇಳಲಿಲ್ಲ, ಅವಳೇ ಒತ್ತಿದಳು. ಮತ್ತೆ ಒತ್ತಿದಳು. ನಾನು ಹೊರಗೆ ಬಂದು ನೋಡಿದರೆ ಸ್ಟೇರಿಂಗನ್ನು ಎರಡೂ ಕೈಯಲ್ಲಿ ಹಿಡಿದು, ತನ್ನ ಕಾಲನ್ನೇ ನೋಡುತ್ತಾ ಕೂತಿದ್ದಳು. ಹಿಮ್ಮಡಿ ನೆಲದಲ್ಲಿ ಊರಿತ್ತು, ನಡುವಿನ ಪೆಡಲಿನ ನೇರಕ್ಕೆ.

"ಹಿಂಗೇ" ಎಂದಳು. "ಹಿಂಗೇ ಹೋತು. ಕೆಸರಾಗ ಕಾಲಿಟ್ಟಂಗ."

"ಹೂಂ."

"ನಾ ಒತ್ತಿದ್ದೆ."

"ಹೂಂ, ಒತ್ತಿದ್ದಿ."

"ಆಸ್ಪತ್ರ್ಯಾಗ ಹೇಳಿದ್ನಲ್ಲ ನಿನಗ. ಬಂದ ಕೂಡ್ಲೇ ಹೇಳಿದೆ. ಅವಾಗ ನೀ ಗಾಡಿ ನೋಡಿದ್ದೇನು?"

"ಇಲ್ಲ."

"ನೋಡಿದ ಮ್ಯಾಲೆ?"

ಅವಳು ಅತ್ತಳು. ತಾಯಿ ಆಪರೇಷನ್ನಿಗೆ ಹೋದಾಗಲೂ ಅಷ್ಟು ಅತ್ತಿರಲಿಲ್ಲ. ನಾನು ಎರಡು ಹೆಜ್ಜೆ ಹತ್ತಿರ ಹೋದೆ, ಕೈ ಅಡ್ಡ ಹಿಡಿದಳು. ನಿಂತೆ. ನನ್ನ ಕೈಯೆಲ್ಲ ಎಣ್ಣೆಯಾಗಿತ್ತು, ಅದನ್ನು ಒರೆಸಿಕೊಳ್ಳುವುದಕ್ಕೂ ಮನಸ್ಸಾಗಲಿಲ್ಲ. ಕೊನೆಗೆ ಅವಳು ಮುಖ ಒರೆಸಿಕೊಂಡು, "ಇದನ್ನ ಸರಿ ಮಾಡು" ಎಂದಳು.

ಬ್ರೇಕಿನ ಗಾಳಿ ತೆಗೆಯಲು ಇಬ್ಬರು ಬೇಕು. ಒಬ್ಬರು ಮೇಲೆ ಪೆಡಲ್ ಒತ್ತಬೇಕು, ಒಬ್ಬರು ಕೆಳಗೆ ನಿಪ್ಪಲ್ ತಿರುವಬೇಕು. ಆ ಅರ್ಧ ಗಂಟೆ ನಮ್ಮಿಬ್ಬರ ನಡುವೆ ಮೂರೇ ಮಾತು ನಡೆದವು. ಒತ್ತು, ಹಿಡಿ, ಬಿಡು. ನಾನು ಹೇಳುತ್ತಿದ್ದೆ, ಅವಳು ಮಾಡುತ್ತಿದ್ದಳು. ಪೆಡಲ್ ಮತ್ತೆ ಗಟ್ಟಿಯಾಯಿತು. ನಾನು ಪಾನಾ ಇಟ್ಟು, ಇನ್ನು ಅವಳು ಮನೆಗೆ ಹೋಗುತ್ತಾಳೆ ಎಂದುಕೊಂಡೆ.

"ಕೀಲಿ ಕೊಡು" ಎಂದಳು. ಕೊಟ್ಟೆ. "ನೀನೂ ಹತ್ತು."

"ಎಲ್ಲಿಗೆ?"

"ಕೊಟ್ಟೂರಿಗೆ. ಹಾಲಸ್ವಾಮಿ ಹತ್ರ ಗಾಡಿ ತೋರಸ್ತೀನಿ. ನೀ ಈಗ ಮಾಡಿದ ಕೆಲಸ ಅಂವ ನೋಡ್ಲಿ."

ಹಾಲಸ್ವಾಮಿ ನನ್ನ ಶೆಡ್ಡಿನಲ್ಲೇ ಆರು ವರ್ಷ ಕೆಲಸ ಕಲಿತವನು, ಈಗ ಕೊಟ್ಟೂರಿನಲ್ಲಿ ಸ್ವಂತ ಗ್ಯಾರೇಜ್ ಇಟ್ಟಿದ್ದಾನೆ. ನಾನು ಬಿಗಿ ಮಾಡಿದ ನಟ್ಟನ್ನು ಅವನು ನೋಡಬೇಕು ಎಂದು ಬೇರೆ ಯಾರೇ ಹೇಳಿದ್ದರೂ ಕೊರಳಪಟ್ಟಿ ಹಿಡಿದು ಹೊರಗೆ ಹಾಕುತ್ತಿದ್ದೆ. ಅವತ್ತು ಸುತ್ತಿ ಬಂದು ಎಡಗಡೆಯ ಬಾಗಿಲು ತೆಗೆದೆ. ಅಕ್ಕ ಕೂತಿದ್ದ ಸೀಟಿನಲ್ಲಿ ಕೂತೆ.

ಮೊದಲು ತೀರ ನಿಧಾನ ಓಡಿಸಿದಳು. ಊರು ದಾಟಿ ರಸ್ತೆ ಬಿಚ್ಚಿಕೊಂಡಾಗ ಸ್ವಲ್ಪ ವೇಗ ಹಿಡಿದಳು. ಒಂದು ಹಳ್ಳಿಯ ಹತ್ತಿರ ಎತ್ತಿನ ಬಂಡಿ ಅಡ್ಡ ಬಂತು. ಅವಳು ಬ್ರೇಕ್ ಒತ್ತಿದಳು, ಕಾರು ನಿಂತಿತು. ನಾನು ಮಾಡಿದ ಬ್ರೇಕನ್ನು ನಂಬಿ ಕೂರುವುದು ಹೇಗಿರುತ್ತದೆ ಎಂದು ನನಗೆ ಅವತ್ತು ತಿಳಿಯಿತು. ಬಂಡಿ ದಾಟಿ ಹೋದರೂ ಅವಳು ಗೇರು ಹಾಕಲಿಲ್ಲ, ನನ್ನ ಕಾಲ ಕಡೆ ನೋಡಿದಳು. ನಾನು ಎರಡೂ ಕಾಲನ್ನು ಗಾಡಿಯ ತಳಕ್ಕೆ ಒತ್ತಿ ಹಿಡಿದಿದ್ದೆ.

"ಕಾಲು ತಗಿ ಮಾಮ, ಅಲ್ಲಿ ಪೆಡಲ್ ಇಲ್ಲ" ಎಂದಳು. ನಗಲಿಲ್ಲ.

ಕೊಟ್ಟೂರು ಮುಟ್ಟಿದಾಗ ಹತ್ತೂವರೆ. ಗ್ಯಾರೇಜಿನ ಮುಂದೆ ನಾಲ್ಕೈದು ಗಿರಾಕಿಗಳು ಕೂತಿದ್ದರು. ಹಾಲಸ್ವಾಮಿ ನನ್ನನ್ನು ಕಂಡವನೇ ಕೈ ಒರೆಸಿಕೊಳ್ಳುತ್ತಾ ಓಡಿ ಬಂದು, "ಬರ್ರಿ ಉಸ್ತಾದ್, ನೀವು ಇಲ್ಲಿಗೆ ಬರೋದಂದ್ರ ಏನು" ಎಂದು ಕುರ್ಚಿ ತರಿಸಿದ. ಕೂತವರಿಗೆಲ್ಲ, ನನಗೆ ಕೆಲಸ ಕಲಿಸಿದವರು ಇವರೇ ಎಂದು ಹೇಳಿದ. ಆಮೇಲೆ ಕಾರಿನ ಕಡೆ ತಿರುಗಿ, "ಏನಾಗೈತ್ರಿ ಇದಕ್ಕ?" ಎಂದು ಕೇಳಿದ.

ನಾನು ಶಿವಗಂಗಾಳ ಮುಖ ನೋಡಿದೆ. ಅವಳು ಬಾನೆಟ್ಟಿಗೆ ಒರಗಿ ನಿಂತಿದ್ದಳು.

"ನೀನೇ ಹೇಳು ಮಾಮ" ಎಂದಳು. "ಆಸ್ಪತ್ರ್ಯಾಗ ಎಲ್ಲರ ಮುಂದ ಅದನ್ನ ಹೇಳಿದ್ದಿಯಲ್ಲ, ಹಂಗ ಎಲ್ಲರ ಮುಂದ ಇದನ್ನೂ ಹೇಳು."

ಹೇಳಿದೆ. ಕುರ್ಚಿಯಲ್ಲಿ ಕೂರಲಿಲ್ಲ, ನಿಂತೇ ಹೇಳಿದೆ. ಗಿರಾಕಿಗಳು ಫೋನು ಕೆಳಗಿಟ್ಟು ಕೇಳಿದರು. ಹಾಲಸ್ವಾಮಿ ಮೊದಲು ನನ್ನ ಮುಖ ನೋಡುತ್ತಿದ್ದವನು, ಹ್ಯಾಂಡ್‌ಬ್ರೇಕಿನ ಮಾತು ಬರುವಷ್ಟರಲ್ಲಿ ನೆಲ ನೋಡತೊಡಗಿದ. ಮುಗಿಸಿದೆ. ಅವನು ಜಾಕು ತಂದು ಗಾಡಿ ಎತ್ತಿ, ಟಾರ್ಚ್ ಹಿಡಿದು ಅಡಿಗೆ ಹೋದ.

"ಅಣ್ಣ, ಎರಡೂ ಪೈಪು ಕೈಯಿಂದ ಮುಟ್ಟಿ ನೋಡ್ರಿ. ಯಾವುದು ಏನು ಅಂತ ನನಗೂ ಹೇಳ್ರಿ" ಎಂದು ಶಿವಗಂಗಾ ಸೆರಗು ಸೊಂಟಕ್ಕೆ ಸಿಗಿಸಿ, ನೆಲಕ್ಕೆ ಮೊಣಕಾಲೂರಿ, ಅವನ ಪಕ್ಕ ತಲೆ ಬಗ್ಗಿಸಿದಳು. ಅವನು ತೋರಿಸುತ್ತಾ ಹೋದ, ಅವಳು ಯಾಕೆ ಎಂದು ಕೇಳುತ್ತಾ ಹೋದಳು. ಬಹಳ ಹೊತ್ತು ಇಬ್ಬರೂ ಅಡಿಯಲ್ಲೇ ಇದ್ದರು. ನನ್ನನ್ನು ಯಾರೂ ಕರೆಯಲಿಲ್ಲ.